ತೊಟ್ಟಿಲ ಬಳಿ ಬಿಟ್ಟುಹೋದ ನಾಯಿ

ಮುಂಗುಸಿಯ ಕತೆ ಕೇಳದೆ ಬೆಳೆದ ಮಕ್ಕಳು ಕನ್ನಡ ನಾಡಿನಲ್ಲಿ ಕಡಿಮೆ. ತಾಯಿ ನೀರಿಗೆ ಹೋಗಿದ್ದಾಳೆ, ತೊಟ್ಟಿಲಲ್ಲಿ ಕೂಸು ಮಲಗಿದೆ. ಹಾವು ಬರುತ್ತದೆ. ಮನೆಯಲ್ಲಿ ಸಾಕಿದ ಮುಂಗುಸಿ ಅದನ್ನು ಕೊಂದು, ರಕ್ತ ಮೆತ್ತಿದ ಬಾಯಲ್ಲೇ ಒಡತಿಯನ್ನು ಎದುರುಗೊಳ್ಳಲು ಬಾಗಿಲಿಗೆ ಓಡುತ್ತದೆ. ಮಗುವನ್ನೇ ಕಚ್ಚಿ ಬಂದಿದೆಯೆಂದು ಬಗೆದ ತಾಯಿ ತುಂಬಿದ ಕೊಡವನ್ನು ಅದರ ಮೇಲೆ ಎತ್ತಿಹಾಕುತ್ತಾಳೆ. ಒಳಗೆ ಹೋಗಿ ನೋಡಿದರೆ ಮಗು ಆಡುತ್ತಿದೆ, ಪಕ್ಕದಲ್ಲಿ ಹಾವು ತುಂಡಾಗಿ ಬಿದ್ದಿದೆ.

ದುಡುಕಬಾರದು ಎಂಬ ನೀತಿಗಾಗಿ ಈ ಕತೆಯನ್ನು ನಮಗೆ ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ನನಗೆ ಬಂದ ಅನುಮಾನವೇ ಬೇರೆ. "ಅಷ್ಟು ಸಣ್ಣ ಪಾಪೂನ ಮುಂಗುಸಿ ಹತ್ರ ಬಿಟ್ಟು ಯಾಕಜ್ಜಿ ಹೋದ್ಲು?" ಎಂದು ಕೇಳಿದ್ದೆ. "ಕತೆಗೆ ಕಾಲಿಲ್ಲ, ಸುಮ್ನೆ ಕೇಳು" ಎಂದಿದ್ದರು ಅಜ್ಜಿ.

ಕತೆಗೆ ಕಾಲಿಲ್ಲದೆ ಇರಬಹುದು, ಆದರೆ ಈ ಕತೆ ನಡೆದ ದೂರವನ್ನು ಮತ್ಯಾವ ಕತೆಯೂ ನಡೆದಿರಲಾರದು. ಪಂಚತಂತ್ರದ ಕೊನೆಯ ಭಾಗವಾದ ಅಪರೀಕ್ಷಿತಕಾರಕದಿಂದ ಹೊರಟ ಈ ಕತೆ ಪರ್ಷಿಯ, ಅರಬ್ ನಾಡುಗಳನ್ನು ದಾಟಿ ಯೂರೋಪಿನ ಪಶ್ಚಿಮದ ಅಂಚಿನವರೆಗೆ ಹೋಗಿದೆ. ದಾರಿಯಲ್ಲಿ ಮುಂಗುಸಿ ನಾಯಿಯಾಯಿತು. ಮಗುವನ್ನು ಕಾಯುವ ನಾಯಿಯ ಬಗ್ಗೆ ಇಂದು ನಮ್ಮಲ್ಲಿರುವ ನಂಬಿಕೆಯ ಒಂದು ಬೇರು ಇಲ್ಲಿದೆ. ಆ ನಂಬಿಕೆಯಿಂದ ಕೆಲವೊಮ್ಮೆ ಮಕ್ಕಳಿಗೆ ಪೆಟ್ಟಾಗುತ್ತದೆ. ಆದ್ದರಿಂದ ಈ ಪ್ರಯಾಣವನ್ನು ತುಸು ವಿವರವಾಗಿ ನೋಡುವುದು ವ್ಯರ್ಥವಲ್ಲ.

ಮೊದಲು ಮೂಲಕ್ಕೇ ಹೋಗೋಣ. ಅಜ್ಜಿ ಹೇಳದೆ ಬಿಟ್ಟಿದ್ದ ಒಂದು ಸಂಗತಿ ಸಂಸ್ಕೃತ ಪಂಚತಂತ್ರದ ಪ್ರಸಿದ್ಧ ಪಾಠದಲ್ಲಿದೆ. ಆ ತಾಯಿ ಮುಂಗುಸಿಯನ್ನು ಮಗನಂತೆಯೇ ಸಾಕಿದ್ದಳು. ಆದರೂ ಅದರ ಜಾತಿಗುಣವನ್ನು ಪೂರ್ತಿ ನಂಬಿರಲಿಲ್ಲ. ನೀರಿಗೆ ಹೊರಟಾಗ, ಮುಂಗುಸಿಯಿಂದ ಮಗುವನ್ನು ಕಾಯುತ್ತಿರಿ ಎಂದು ಗಂಡನಿಗೆ ಹೇಳಿಯೇ ಹೋಗುತ್ತಾಳೆ. ಅವಳು ಅತ್ತ ಹೋದದ್ದೇ ತಡ, ಆ ಬ್ರಾಹ್ಮಣ ಮನೆಯನ್ನು ಹಾಗೆಯೇ ಬಿಟ್ಟು ಭಿಕ್ಷೆಗೆ ಹೊರಟುಬಿಡುತ್ತಾನೆ. ಹಿತೋಪದೇಶದಲ್ಲಿ ಇದು ತುಸು ಬೇರೆ: ಉಜ್ಜಯಿನಿಯ ಮಾಧವನೆಂಬವನಿಗೆ ಅರಮನೆಯಿಂದ ಶ್ರಾದ್ಧಕ್ಕೆ ಕರೆ ಬರುತ್ತದೆ, ದಕ್ಷಿಣೆ ಬೇರೆಯವರ ಪಾಲಾದೀತೆಂದು ಅವನು ಮುಂಗುಸಿಯನ್ನೇ ಕಾವಲಿಗಿಟ್ಟು ಓಡುತ್ತಾನೆ. ಎರಡರಲ್ಲೂ ಅನಾಹುತಕ್ಕೆ ದಾರಿಯಾದದ್ದು ಒಂದೇ. ಮನೆಯಲ್ಲಿ ದೊಡ್ಡವರು ಯಾರೂ ಇರಲಿಲ್ಲ.

6ನೇ ಶತಮಾನದಲ್ಲಿ ಪರ್ಷಿಯದ ದೊರೆ ಅನುಶಿರ್ವಾನನ ವೈದ್ಯ ಬುರ್ಜೋಯ್ ಪಂಚತಂತ್ರವನ್ನು ಪಹ್ಲವಿ ಭಾಷೆಗೆ ತಂದ. 8ನೇ ಶತಮಾನದಲ್ಲಿ ಇಬ್ನ್ ಅಲ್ ಮುಖಫ್ಫ ಅದನ್ನು 'ಕಲೀಲ ವ ದಿಮ್ನ' ಎಂಬ ಹೆಸರಿನಿಂದ ಅರಬ್ಬಿಗೆ ಇಳಿಸಿದ. (ಕನ್ನಡಕ್ಕೆ ಪಂಚತಂತ್ರ ಬಂದದ್ದು 11ನೇ ಶತಮಾನದಲ್ಲಿ, ದುರ್ಗಸಿಂಹನಿಂದ.) ಇದರ ಜೊತೆಗೆ, ಏಳು ಜ್ಞಾನಿಗಳ ಕತೆಗಳೆಂಬ ಇನ್ನೊಂದು ಗೊಂಚಲಿನಲ್ಲೂ ನಮ್ಮ ಕತೆ ಸೇರಿಕೊಂಡಿತು. ಮುಂಗುಸಿಯನ್ನು ಕಾಣದ ನಾಡುಗಳಲ್ಲಿ ಮನೆಯ ನಾಯಿಯೇ ಅದರ ಜಾಗಕ್ಕೆ ಬಂದುದರಲ್ಲಿ ಆಶ್ಚರ್ಯವಿಲ್ಲ.

ಮುಂದಿನದು ವಿಚಿತ್ರ. 13ನೇ ಶತಮಾನದಲ್ಲಿ ಫ್ರಾನ್ಸಿನ ಲಿಯಾನ್ ನಗರದ ಉತ್ತರದ ಹಳ್ಳಿಗಳಲ್ಲಿ ಪಾಪನಿವೇದನೆ ಕೇಳುತ್ತಿದ್ದ ಬೂರ್ಬೋನಿನ ಸ್ಟೀಫನ್ ಎಂಬ ಪಾದ್ರಿಗೆ ಹಲವು ಹೆಂಗಸರು ಒಂದೇ ಮಾತು ಹೇಳಿದರು: ಮಕ್ಕಳನ್ನು ಸಂತ ಗಿನ್‌ಫೋರನ ಬಳಿಗೆ ಒಯ್ದಿದ್ದೆವು ಎಂದು. ಯಾರೀ ಸಂತ ಎಂದು ವಿಚಾರಿಸಿದರೆ, ಅದೊಂದು ಬೇಟೆನಾಯಿ! ಆ ಸೀಮೆಯ ಒಡೆಯನ ಕೂಸನ್ನು ಹಾವಿನಿಂದ ಉಳಿಸಿ, ರಕ್ತ ಮೆತ್ತಿದ ಬಾಯಿಯ ಕಾರಣಕ್ಕೆ ಒಡೆಯನ ಕತ್ತಿಗೆ ಬಲಿಯಾದ ನಾಯಿ. ತಪ್ಪು ತಿಳಿದ ಮೇಲೆ ಅದರ ಹೆಣವನ್ನು ಬಾವಿಗೆ ಹಾಕಿ, ಕಲ್ಲು ಪೇರಿಸಿ, ಸುತ್ತ ಮರ ನೆಟ್ಟರಂತೆ. ಕಾಲಕ್ರಮದಲ್ಲಿ ಕೋಟೆ ಹಾಳಾಯಿತು, ತೋಪು ಉಳಿಯಿತು. ಮಕ್ಕಳ ಕಾಯಿಲೆ ವಾಸಿ ಮಾಡುವ ಹುತಾತ್ಮನೆಂದು ರೈತರು ನಾಯಿಗೆ ಹರಕೆ ಹೊತ್ತರು.

ಆ ಹರಕೆಯ ಕ್ರಮವನ್ನು ಸ್ಟೀಫನ್ ಬರೆದಿಟ್ಟಿದ್ದಾನೆ. ಕೃಶವಾದ ಕೂಸನ್ನು ಬತ್ತಲೆ ಮಾಡಿ ಮರದ ಬುಡದಲ್ಲಿ ಹುಲ್ಲಿನ ಮೇಲೆ ಮಲಗಿಸಬೇಕು. ತಲೆಯ ಎರಡೂ ಬದಿಗೆ ಗಿಡ್ಡ ಮೇಣದ ಬತ್ತಿ ಹಚ್ಚಿ, ಅವು ಉರಿದು ಮುಗಿಯುವ ತನಕ ತಾಯಿ ಮಗುವಿನ ಅಳು ಕೇಳಿಸದಷ್ಟು ದೂರ ಹೋಗಿರಬೇಕು. ಬತ್ತಿಯ ಬೆಂಕಿ ತಗುಲಿ ಕೂಸುಗಳು ಸತ್ತದ್ದುಂಟು ಎಂದು ಅವನು ದಾಖಲಿಸುತ್ತಾನೆ. ಒಬ್ಬ ತಾಯಿ ಕಾಡಿನಿಂದ ತೋಳವೊಂದು ಮಗುವಿನತ್ತ ಬರುತ್ತಿರುವುದನ್ನು ಕಂಡು ಕಟ್ಟಳೆ ಮುರಿದು ಓಡಿದಳಂತೆ, ಮಗು ಉಳಿಯಿತಂತೆ. ಕೊನೆಗೆ ಸ್ಟೀಫನ್ ನಾಯಿಯ ಎಲುಬುಗಳನ್ನು ತೆಗೆಸಿ, ತೋಪನ್ನು ಕಡಿಸಿ, ಎರಡನ್ನೂ ಸುಡಿಸಿದ. ಹರಕೆ ಮಾತ್ರ ನಿಲ್ಲಲಿಲ್ಲ. ಸುಮಾರು ಆರುನೂರು ವರ್ಷಗಳ ಬಳಿಕ, 1870ರ ದಶಕದಲ್ಲಿಯೂ ಅಲ್ಲಿಗೆ ಮಕ್ಕಳಿಗಾಗಿ ಜನ ಹೋಗುತ್ತಿದ್ದರೆಂದು ಸ್ಥಳೀಯ ವಿದ್ವಾಂಸನೊಬ್ಬ ಗುರುತಿಸಿದ. ಫ್ರೆಂಚ್ ಇತಿಹಾಸಕಾರ ಝಾನ್ ಕ್ಲೋದ್ ಶ್ಮಿತ್ 1979ರಲ್ಲಿ ಈ ನಾಯಿ ಸಂತನ ಬಗ್ಗೆ ಇಡೀ ಒಂದು ಪುಸ್ತಕವನ್ನೇ ಬರೆದರು.

ಬ್ರಿಟನ್ನಿನ ವೇಲ್ಸ್ ಪ್ರಾಂತದ ಬೆಡ್‌ಗೆಲರ್ಟ್ ಹಳ್ಳಿಗೆ ಹೋದ ಪ್ರವಾಸಿಗರಿಗೆ ಇದೇ ಕತೆ ಇನ್ನೊಂದು ವೇಷದಲ್ಲಿ ಎದುರಾಗುತ್ತದೆ. ಇಲ್ಲಿ ಹಾವಿನ ಬದಲು ತೋಳ. ಮಗು 13ನೇ ಶತಮಾನದ ರಾಜ ಲೆವೆಲಿನ್‌ನದು, ನಾಯಿಯ ಹೆಸರು ಗೆಲರ್ಟ್. ಬೇಟೆಯಿಂದ ಮರಳಿದ ರಾಜ ಮಗುಚಿದ ತೊಟ್ಟಿಲನ್ನೂ ನಾಯಿಯ ಬಾಯಿಯ ರಕ್ತವನ್ನೂ ಕಂಡು ಕತ್ತಿ ಎತ್ತುತ್ತಾನೆ. ನಾಯಿಯ ಸಮಾಧಿಯನ್ನು ಇಂದಿಗೂ ತೋರಿಸುತ್ತಾರೆ, ಕಣ್ಣೊರೆಸಿಕೊಳ್ಳುವವರೂ ಇದ್ದಾರೆ. ಆದರೆ ಊರಿಗೆ ಹೆಸರು ಬಂದದ್ದು ಪ್ರಾಯಶಃ ನಾಯಿಯಿಂದಲ್ಲ, ಅದೇ ಹೆಸರಿನ ಪುರಾತನ ಕ್ರೈಸ್ತ ಸಾಧುವಿನಿಂದ. ಸಮಾಧಿಯೋ, 18ನೇ ಶತಮಾನದ ಕೊನೆಯಲ್ಲಿ ಅಲ್ಲಿನ ಹೋಟೆಲಿನ ಯಜಮಾನ ಡೇವಿಡ್ ಪ್ರಿಚರ್ಡ್ ಗಿರಾಕಿಗಳು ಹೆಚ್ಚಲೆಂದು ಕಟ್ಟಿದ್ದೆಂದು ಹೇಳುತ್ತಾರೆ. ವ್ಯಾಪಾರ ಚೆನ್ನಾಗಿಯೇ ಆಗಿರಬೇಕು.

ಇಲ್ಲಿಂದ ಮುಂದೆ ನಾಯಿ ಇಂಗ್ಲಿಷರ ಮನೆಯೊಳಗೆ, ಮಕ್ಕಳ ಕೋಣೆಗೇ ಬಂತು. 19ನೇ ಶತಮಾನದಲ್ಲಿ ಚಿತ್ರಕಾರ ಲ್ಯಾಂಡ್‌ಸೀರ್ ಮಕ್ಕಳನ್ನು ನೀರಿನಿಂದ ಎಳೆದು ತರುವ ದೊಡ್ಡ ನಾಯಿಗಳನ್ನು ಬರೆದು ಹೆಸರಾದ. 1904ರಲ್ಲಿ ರಂಗಕ್ಕೆ ಬಂದ ಬ್ಯಾರಿಯ 'ಪೀಟರ್ ಪ್ಯಾನ್' ನಾಟಕದಲ್ಲಿ ಮಕ್ಕಳ ದಾದಿಯೇ ನಾನಾ ಎಂಬ ನಾಯಿ. 20ನೇ ಶತಮಾನದ ಉತ್ತರಾರ್ಧದಲ್ಲಂತೂ ಕೆಲವು ತಳಿಗಳ ಅಭಿಮಾನಿಗಳು ತಮ್ಮ ನಾಯಿ ಹಿಂದೆ 'ದಾದಿ ನಾಯಿ'ಯಾಗಿತ್ತು ಎಂದು ಪ್ರಚಾರ ಮಾಡಿದರು. ಮಕ್ಕಳನ್ನು ನೋಡಿಕೊಳ್ಳಲೆಂದೇ ಆ ತಳಿಗಳನ್ನು ಬೆಳೆಸಿದ್ದಕ್ಕೆ ಚರಿತ್ರೆಯಲ್ಲಿ ಆಧಾರ ಸಿಗುವುದಿಲ್ಲ.

ನಮ್ಮ ನಾಡಿನಲ್ಲಿ ನಾಯಿಗೆ ಗೌರವ ಇರಲಿಲ್ಲವೆಂದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಬಹಳ ಜನರಿಗೆ ಗೊತ್ತು. ಗಂಗರ ಬೂತುಗನಿಂದ ಮಣಲೇರನೆಂಬ ವೀರ ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಸೆಣಸಿ ಸತ್ತಾಗ ಸುಮಾರು ಕ್ರಿ.ಶ. 950ರಲ್ಲಿ ಕಲ್ಲು ನೆಡಿಸಿ, ಪೂಜೆಗೆ ಭೂಮಿ ಬಿಟ್ಟರು. ಆದರೆ ಕಾಳಿಯ ಕೆಲಸ ಕಾಡಿನಲ್ಲಿತ್ತು, ತೊಟ್ಟಿಲ ಬಳಿ ಅಲ್ಲ. ಹಳ್ಳಿಯ ಮನೆಗಳಲ್ಲಿ ಮೊನ್ನೆ ಮೊನ್ನೆಯವರೆಗೂ ನಾಯಿಯ ಜಾಗ ಅಂಗಳ, ಹೆಚ್ಚೆಂದರೆ ಜಗಲಿ. ಹೊಸ್ತಿಲು ದಾಟಿದರೆ ಗದರಿಕೆ. ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು "ಬೌ ಬೌ ನೋಡು" ಎಂದು ತುತ್ತು ಉಣಿಸುವಾಗಲೂ ಇಬ್ಬರ ನಡುವೆ ಒಬ್ಬ ದೊಡ್ಡವರು ಇದ್ದೇ ಇರುತ್ತಿದ್ದರು. ಮಡಿಯ ಕಾರಣಕ್ಕೆ ಬಂದ ಕಟ್ಟಳೆಯೇ ಇರಬಹುದು, ಮಗುವಿಗಂತೂ ಒಳ್ಳೆಯದೇ ಆಯಿತು.

ಎರಡು ಕೋಣೆಯ ಫ್ಲಾಟಿನಲ್ಲಿ ಅಂಗಳವೂ ಇಲ್ಲ, ಜಗಲಿಯೂ ಇಲ್ಲ. ನಾಯಿ ಸೋಫಾದ ಮೇಲೆ, ಮಗು ಅದರ ಬುಡದಲ್ಲಿ. ನಮ್ಮಲ್ಲಿ ನಾಯಿ ಕಡಿತವೆಂದರೆ ಹೆಚ್ಚಾಗಿ ಬೀದಿನಾಯಿಯದೇ ಸುದ್ದಿ, ಅದು ಸುಳ್ಳೂ ಅಲ್ಲ. ಆದರೆ ಮನೆಯೊಳಗೆ ನಾಯಿ ಸಾಕುವುದು ಹಳೆಯ ರೂಢಿಯಾಗಿರುವ ಅಮೆರಿಕ, ಯೂರೋಪುಗಳ ಆಸ್ಪತ್ರೆ ದಾಖಲೆಗಳು ಬೇರೆಯದನ್ನು ಹೇಳುತ್ತವೆ. ಅಲ್ಲಿ ಪುಟ್ಟ ಮಕ್ಕಳನ್ನು ಕಚ್ಚುವುದು ಬಹುಮಟ್ಟಿಗೆ ಪರಿಚಿತ ನಾಯಿಯೇ: ಮನೆಯದು, ನೆಂಟರದು, ಪಕ್ಕದವರದು. ಮಗುವಿನ ಎತ್ತರದಿಂದಾಗಿ ಗಾಯ ಹೆಚ್ಚಾಗಿ ಮುಖಕ್ಕೆ, ತಲೆಗೆ. ನಾಯಿ ತಿನ್ನುತ್ತಿದ್ದಾಗ ಬಟ್ಟಲಿಗೆ ಕೈ ಹಾಕಿದ್ದು, ಮಲಗಿದ್ದಾಗ ಮೇಲೆ ಬಿದ್ದದ್ದು, ಪ್ರೀತಿಯಿಂದ ಕುತ್ತಿಗೆ ಅಪ್ಪಿದ್ದು, ಕಾರಣ ಇಷ್ಟೇ. ಅಪ್ಪುಗೆ ನಮಗೆ ಪ್ರೀತಿ, ಬಹಳ ನಾಯಿಗಳಿಗೆ ಅದು ಇಕ್ಕಟ್ಟು.

ನಾಯಿ ಮುನ್ಸೂಚನೆ ಕೊಡದೆ ಕಚ್ಚುವುದು ಅಪರೂಪ. ಮುಖ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ, ಮೈ ಬಿಗಿ ಹಿಡಿದು ನಿಂತುಬಿಡುತ್ತದೆ. ಎರಡು ವರ್ಷದ ಮಗುವಿಗೆ ಇದನ್ನು ಓದಲು ಬರುವುದಿಲ್ಲ, ದೊಡ್ಡವರೇ ಓದಬೇಕು. ಗುರ್ ಎಂದ ನಾಯಿಗೆ ಹೊಡೆಯುವವರು ಗುರ್ ಎನ್ನುವುದನ್ನು ಬಿಡಿಸುತ್ತಾರೆಯೇ ಹೊರತು ಕಚ್ಚುವುದನ್ನಲ್ಲ. ಬೊಗಳುವ ನಾಯಿ ಕಚ್ಚದು ಎಂಬ ಗಾದೆಯನ್ನೂ ಮಕ್ಕಳಿರುವ ಮನೆಯಲ್ಲಿ ನಂಬದಿರುವುದು ಕ್ಷೇಮ.

ರೇಬೀಸ್ ವಿಷಯವನ್ನು ಬಿಡುವಂತಿಲ್ಲ. 1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಪಾಶ್ಚರ್ ತನ್ನ ಲಸಿಕೆಯನ್ನು ಪ್ರಯೋಗಿಸಿದ್ದು ಹುಚ್ಚುನಾಯಿ ಕಚ್ಚಿದ್ದ 9 ವರ್ಷದ ಹುಡುಗ ಜೋಸೆಫ್ ಮೈಸ್ಟರ್‌ನ ಮೇಲೆ. ಹುಡುಗ ಬದುಕಿದ. ದಕ್ಷಿಣ ಭಾರತಕ್ಕೆ ಆ ಚಿಕಿತ್ಸೆ ತಂದ ಕೂನೂರಿನ ಪಾಶ್ಚರ್ ಸಂಸ್ಥೆ 1907ರಲ್ಲಿ ಆರಂಭವಾಯಿತು. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಎಂದು ನಮ್ಮ ತಂದೆತಾಯಿಯರು ಹೆದರುತ್ತಿದ್ದ, ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಲಸಿಕೆಯ ಉತ್ಪಾದನೆ ಭಾರತದಲ್ಲಿ 2004ರ ಕೊನೆಗೆ ನಿಂತಿತು. ಈಗ ಕೊಡುವುದು ತೋಳಿಗೆ, ಕೆಲವೇ ಸಲ. ಗಾಯ ಆಳವಾಗಿದ್ದರೆ ಗಾಯಕ್ಕೇ ಬೇರೆ ಮದ್ದನ್ನೂ ಚುಚ್ಚುತ್ತಾರೆ. ಅದಕ್ಕೂ ಮೊದಲು ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ರೋಗ ಕಾಣಿಸಿಕೊಂಡ ಮೇಲೆ ಉಳಿದವರಿಲ್ಲ ಎಂದೇ ಹೇಳಬೇಕು. ಮನೆಯ ನಾಯಿಗೆ ಹೊತ್ತಿಗೆ ಸರಿಯಾಗಿ ಲಸಿಕೆ ಹಾಕಿಸಿದ್ದರೆ ಈ ಭಯದ ದೊಡ್ಡ ಪಾಲು ಅಲ್ಲಿಗೇ ಮುಗಿಯುತ್ತದೆ.

ನನ್ನ ಅಕ್ಕನ ಮನೆಯಲ್ಲಿ ಒಂದೂವರೆ ವರ್ಷದ ಮಗನಿದ್ದಾನೆ, ಆರು ವರ್ಷದ ನಾಯಿಯಿದೆ. ಅಡುಗೆಮನೆಯ ಬಾಗಿಲಿಗೆ ಮೊಣಕಾಲೆತ್ತರದ ಮರದ ಅಡ್ಡಗಟ್ಟು ಹಾಕಿಸಿದ್ದಾಳೆ, ನಾಯಿಯ ಊಟ ಅದರ ಒಳಗೆ. ಅದು ತನ್ನ ಚಾಪೆಯ ಮೇಲೆ ಮಲಗಿದ್ದರೆ ಮಗ ಆ ಕಡೆ ಹೋಗುವಂತಿಲ್ಲ. ಇಷ್ಟು ಒಳ್ಳೆಯ ನಾಯಿಗೆ ಇಷ್ಟೆಲ್ಲ ಯಾಕೆ ಎಂದು ಭಾವ ರೇಗಿಸುತ್ತಾರೆ. ಅಕ್ಕ ಉತ್ತರ ಕೊಡುವುದಿಲ್ಲ. ಬೆಳಿಗ್ಗೆ ಹಾಲು ತರಲು ಕೆಳಗಿಳಿಯುವಾಗ, ಭಾವ ಇನ್ನೂ ಎದ್ದಿರದಿದ್ದರೆ, ನಾಯಿಯನ್ನೂ ಜೊತೆಗೇ ಕರೆದುಕೊಂಡು ಹೋಗುತ್ತಾಳೆ.