ಅಂಚಿಲ್ಲದ ಪಟ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ರವಿವರ್ಮನ ಪಟವೊಂದು ಇಲ್ಲದಿದ್ದರೆ ಅದೇ ಆಶ್ಚರ್ಯ. ಅದನ್ನು ಅವನೇ ಕೈಯಾರೆ ಬರೆದನೆಂದು ನಂಬಿದವರೂ ಕಡಮೆಯಲ್ಲ. ಹಳೆಯ ವಸ್ತುಗಳ ಗೀಳು ಹತ್ತಿಸಿಕೊಂಡ ನಾವು ನಾಲ್ವರು ಗೆಳೆಯರು ಭಾನುವಾರ ಸಂಜೆ ಒಂದೆಡೆ ಸೇರುವುದುಂಟು. ಈಚೆಗೆ ಒಮ್ಮೆ ನಮ್ಮ ತಾಯಿ ಪೂಜಿಸುತ್ತಿದ್ದ ಲಕ್ಷ್ಮೀಪಟವನ್ನು ನಾನೇ ಒಯ್ದು ಗೆಳೆಯರ ಮುಂದಿಟ್ಟೆ.

ಮೊದಲ ಪ್ರಶ್ನೆ, ಇದು ಕುಂಚದ ಕೆಲಸವೋ ಅಚ್ಚೋ ಎಂಬುದು. ಮೆರುಗೆಣ್ಣೆ ಹಚ್ಚಿದ ಅಚ್ಚು ದೂರಕ್ಕೆ ತೈಲಚಿತ್ರದಂತೆಯೇ ಕಾಣುತ್ತದೆ. ಆದರೆ ಭೂತಕನ್ನಡಿ ಹಿಡಿದಾಗ ಲಕ್ಷ್ಮಿಯ ಕೆನ್ನೆಯಲ್ಲಿ ಕುಂಚದ ಎಳೆಗಳಿರಲಿಲ್ಲ; ಚುಕ್ಕೆಗಳಿದ್ದವು. ಆ ಚುಕ್ಕೆಗಳು ಸಾಲುಸಾಲಾಗಿ ನಿಂತಿದ್ದರೆ ಅದು ಛಾಯಾಚಿತ್ರದ ನೆರವಿನಿಂದ ತೆಗೆದ ಈಚಿನ ಅಚ್ಚು. ಚೆಲ್ಲಿದ ರಾಗಿಯಂತೆ ಚೆದರಿದ್ದರೆ ಕಲ್ಲಚ್ಚು. ನಮ್ಮ ಪಟದಲ್ಲಿ ಚೆದರಿದ್ದವು. ಕುಶಲಕರ್ಮಿ ಕಲ್ಲಿನ ಮೇಲೆ ಕೈಯಿಂದಲೇ ಇಟ್ಟ ಚುಕ್ಕೆಗಳವು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದೇ ಕಾಗದ ಅಷ್ಟು ಕಲ್ಲುಗಳ ಮೇಲೂ ಅಳತೆ ತಪ್ಪದೆ ಕೂರಬೇಕು. ದೇವಿಯ ಸೀರೆಯ ಕೆಂಪು ಒಂದೆಡೆ ಗೆರೆ ಮೀರಿದ್ದುದೂ ಇದಕ್ಕೆ ಸಾಕ್ಷಿಯಾಯಿತು.

ಇನ್ನು ಕಾಲನಿರ್ಣಯ. ರವಿವರ್ಮನ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಕೆಲವು ವರ್ಷಗಳ ಬಳಿಕ ಲೋಣಾವಳದ ಸಮೀಪದ ಮಳವಲಿಗೆ ಹೋಯಿತು. ಆಮೇಲೆ ಫ್ರಿಟ್ಸ್ ಶ್ಲೈಶರ್ ಎಂಬ ಜರ್ಮನ್ ತಂತ್ರಜ್ಞನ ಕೈಸೇರಿತು. 1906ರಲ್ಲಿ ರವಿವರ್ಮ ತೀರಿಕೊಂಡ ಮೇಲೂ ಅವನ ಹೆಸರಿನ ಪಟಗಳು ಅಚ್ಚಾಗುತ್ತಲೇ ಇದ್ದವು. ಬೇರೆಯವರು ನಕಲು ಮಾಡಿದ್ದೂ ಉಂಟು. ಆದುದರಿಂದ ಕಲಾವಿದನ ಹೆಸರೊಂದರಿಂದಲೇ ಕಾಲ ತಿಳಿಯದು. ಪಟದ ಕೆಳಅಂಚಿನ ಸಣ್ಣಕ್ಷರಗಳಲ್ಲಿರುವ ಮುದ್ರಣಾಲಯದ ಹೆಸರು, ಊರು ಇವೇ ಆಧಾರ.

“ಅಂಚೆಲ್ಲಿ ಮೇಷ್ಟ್ರೇ?” ಎಂದರು ಗೆಳೆಯರು.

1985ರಲ್ಲಿ ಹೊಸ ಕಟ್ಟು ಹಾಕಿಸುವಾಗ ಅದು ಅಳತೆಗೆ ಚಿಕ್ಕದಾಗಿತ್ತು. ಕತ್ತರಿ ಹಿಡಿದವನು ನಾನೇ. “ಅದರಲ್ಲಿ ಏನೋ ಬರೆದಿದೆಯಲ್ಲೋ” ಎಂದಿದ್ದರು ಅಮ್ಮ. ಅವರಿಗೆ ಇಂಗ್ಲಿಷ್ ಅಕ್ಷರ ಬಾರದು. “ಅಚ್ಚಿನವರ ಹೆಸರಮ್ಮ, ಬಿಡಿ” ಎಂದು, ಓದಿಯೂ ನೋಡದೆ ಕತ್ತರಿಸಿದ್ದೆ. ಶಾಸನಪಾಠದಲ್ಲಿ ಒಂದಕ್ಷರ ಬಿಟ್ಟು ಓದಿದ ವಿದ್ಯಾರ್ಥಿಯನ್ನು ತರಗತಿಯಲ್ಲಿ ನಿಲ್ಲಿಸುತ್ತಿದ್ದವನು ನಾನು!

ಅಮ್ಮ ಪಟದ ಸೀರೆಗೆ ಜರಿ, ಚಮಕಿ ಹೊಲಿದು ಸಿಂಗರಿಸಿದ್ದರು. ಸಂಗ್ರಾಹಕರಿಗೆ ಶುದ್ಧವಾದ ಅಚ್ಚು ಬೇಕು, ಇದನ್ನು ಬಿಡಿಸಿಬಿಡೋಣವೆಂದು ಒಬ್ಬರು ಸೂಚಿಸಿದರು. ಸಡಿಲವಾಗಿದ್ದ ಒಂದು ಚಮಕಿಯನ್ನು ಮೆಲ್ಲನೆ ಸರಿಸಿ ನೋಡಿದರೆ, ಅದರ ಅಡಿಯಲ್ಲಿ ಬೆಳಕು ತಾಗದ ಕೆಂಪು ಹೊಸದರಂತೆಯೇ ಉಳಿದಿತ್ತು. ಉಳಿದೆಡೆಯೆಲ್ಲ ಅದು ಇಟ್ಟಿಗೆಯ ಬಣ್ಣಕ್ಕೆ ಇಳಿದಿದೆ. ಬಲ್ಲವನೆನಿಸಿಕೊಂಡ ನಾನು ಕಳೆದೆ. ಏನೂ ಬಾರದೆಂದು ನಾನು ತಿಳಿದಿದ್ದ ಅಮ್ಮ ಉಳಿಸಿದ್ದರು. ಜರಿಯನ್ನು ಮುಟ್ಟಗೊಡಲಿಲ್ಲ.

ನಮ್ಮ ತೀರ್ಮಾನ ಇಷ್ಟೆ: ಕಲ್ಲಚ್ಚು, ಮುದ್ರಣಾಲಯ ತಿಳಿಯದು. ಅಜ್ಜಿಯಿಂದ ಅಮ್ಮನಿಗೆ ಬಂದುದು, ಜರಿ ಹೊಲಿದವರು ಯಾರು, ಅಂಚು ಕತ್ತರಿಸಿದವರು ಯಾರು, ಯಾವ ವರ್ಷ ಎಂಬುದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಕಟ್ಟಿನ ಹಿಂದೆ ಇಟ್ಟಿದ್ದೇನೆ. ನಿಮ್ಮ ಮನೆಯ ಪಟದ ಅಂಚು ಇನ್ನೂ ಇದ್ದರೆ, ಇಂದೇ ಒಮ್ಮೆ ಓದಿ ನೋಡಿ.