ಅಕ್ಷರದ ರೂಪ ಮತ್ತು ಸಂಕೇತ: ಕನ್ನಡ ತಂತ್ರಾಂಶ ನಿರ್ಮಾಣದಲ್ಲಿ ಆಯ್ಕೆಯ ವಿವೇಕ

ತಂತ್ರಾಂಶ ನಿರ್ಮಾಣದ ಇತಿಹಾಸವು ಬಹುಮಟ್ಟಿಗೆ ಆಯ್ಕೆಗಳ ಇತಿಹಾಸ. ಯಂತ್ರ, ಕಾಲ ಮತ್ತು ಜನಬಲದ ಮಿತಿಯಲ್ಲಿ ಒಂದನ್ನು ಪಡೆಯಲು ಮತ್ತೊಂದನ್ನು ಬಿಡಬೇಕಾಗುತ್ತದೆ. ಕನ್ನಡವು ಗಣಕವನ್ನು ಪ್ರವೇಶಿಸಿದ ಬಗೆ ಇದಕ್ಕೆ ಸ್ಪಷ್ಟ ನಿದರ್ಶನವಾಗಿದೆ.

1991ರಲ್ಲಿ ಪ್ರಕಟವಾದ ಭಾರತೀಯ ಮಾನಕವಾದ ಇಸ್ಕಿ ಹಾಗೂ ಯೂನಿಕೋಡಿನ ಮೊದಲ ಆವೃತ್ತಿ ಎರಡೂ ಕನ್ನಡ ವರ್ಣಗಳಿಗೆ ಸಂಕೇತಗಳನ್ನು ನಿಗದಿಗೊಳಿಸಿದ್ದವು. ಆದರೆ ವರ್ಣಗಳನ್ನು ಗುಣಿತ, ಒತ್ತಕ್ಷರಗಳಾಗಿ ಕೂಡಿಸಿ ತೋರುವ ಸಾಮರ್ಥ್ಯವು ಬಳಕೆಯಲ್ಲಿದ್ದ ವಿಂಡೋಸ್‌ಗೆ ದೊರೆತದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಆದ್ದರಿಂದ ಕನ್ನಡ ತಂತ್ರಾಂಶಗಳ ನಿರ್ಮಾಪಕರು ಅಕ್ಷರಗಳನ್ನು ಆಕಾರದ ತುಣುಕುಗಳಾಗಿ ಒಡೆದು, ಆ ತುಣುಕುಗಳಿಗೇ ಸಂಖ್ಯೆ ನೀಡಿದರು. ಮುದ್ರಣ ಕೂಡಲೇ ಸಾಧ್ಯವಾಯಿತು. ಆದರೆ ಒಬ್ಬರ ಸಂಖ್ಯಾಕ್ರಮ ಮತ್ತೊಬ್ಬರದಕ್ಕೆ ಹೊಂದದೆ, ಒಂದು ತಂತ್ರಾಂಶದ ಪಠ್ಯ ಮತ್ತೊಂದರಲ್ಲಿ ಅರ್ಥಹೀನವಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಅನಂತರ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಜನಸಾಮಾನ್ಯರಿಗೆ ಲಭ್ಯವಾದವು. ಪರಿಷತ್ತಿನ ಏಕರೂಪದ ತುಣುಕು ಸಂಕೇತದಿಂದ ವಿನಿಮಯದ ತೊಡಕು ತಗ್ಗಿತು. ಅಕ್ಷರಕ್ಕೆ ಬದಲು ಆಕಾರವನ್ನು ಸಂಗ್ರಹಿಸುವ ಮೂಲ ಕ್ರಮ ಮಾತ್ರ ಉಳಿಯಿತು.

ಮೈಸೂರಿನ ಹಳೆಯ ಬಡಾವಣೆಯೊಂದರ ಹೆಸರಾದ ‘ಅಗ್ರಹಾರ’ ಪದವನ್ನೇ ಪರಿಶೀಲಿಸಬಹುದು. ನುಡಿಯ ತುಣುಕು ಸಂಕೇತದಲ್ಲಿ ಇದು ಎಂಟು ತುಣುಕುಗಳಾಗುತ್ತದೆ. ಕೊನೆಯ ‘ರ’ ತಲೆಕಟ್ಟು ಸೇರಿದ ಎರಡು ತುಣುಕು. ‘ಗ್ರ’ದ ಒತ್ತು ಬೇರೆಯೇ ಒಂದು ತುಣುಕು. ಎರಡೂ ರಕಾರವೆಂಬುದು ಯಂತ್ರಕ್ಕೆ ತಿಳಿಯದು. ಯೂನಿಕೋಡಿನಲ್ಲಿ ಇದು ಏಳು ಸಂಕೇತಗಳ ಪದ. ರಕಾರ ಎರಡು ಬಾರಿಯೂ ಒಂದೇ. ಹುಡುಕಾಟ, ಅಕಾರಾದಿ ಜೋಡಣೆಗಳು ಈ ಅರಿವನ್ನೇ ಅವಲಂಬಿಸಿವೆ.

ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲೂ ಅದೇ ಪದಕ್ಕೆ ಏಳೇ ಒತ್ತುಗಳು ಸಾಕು. ಅದು ಬರೆಯುವವನ ವರ್ಣಪ್ರಜ್ಞೆಯನ್ನು ಅನುಸರಿಸಿತೇ ಹೊರತು ಸಂಗ್ರಹದ ಕ್ರಮವನ್ನಲ್ಲ. ಆದಕಾರಣ ಸಂಕೇತ ಬದಲಾದರೂ ಬೆರಳುಗಳ ಅಭ್ಯಾಸ ಬದಲಾಗಬೇಕಾಗಲಿಲ್ಲ. ಯಾವುದು ಸ್ಥಿರ, ಯಾವುದು ತಾತ್ಕಾಲಿಕ ಎಂದು ಗುರುತಿಸಿ ಎರಡನ್ನೂ ಬೇರ್ಪಡಿಸುವುದೇ ನಿರ್ಮಾಪಕನ ವಿವೇಕ.

ತುಣುಕು ಸಂಕೇತದ ಆಯ್ಕೆಯನ್ನು ಪ್ರಮಾದವೆನ್ನಲಾಗದು. ಕಾದು ಕುಳಿತಿದ್ದರೆ ಕಚೇರಿ, ಮುದ್ರಣಾಲಯಗಳು ಒಂದು ದಶಕ ಗಣಕದಲ್ಲಿ ಕನ್ನಡವಿಲ್ಲದೆ ಉಳಿಯುತ್ತಿದ್ದವು. ತಾತ್ಕಾಲಿಕ ವ್ಯವಸ್ಥೆಯಿಂದ ಹೊರಬರುವ ದಾರಿಯನ್ನು ಆರಂಭದಲ್ಲೇ ಯೋಜಿಸದಿದ್ದುದು ಅದರ ಕೊರತೆ. ಪೇಜ್‌ಮೇಕರ್ ಕನ್ನಡ ಯೂನಿಕೋಡನ್ನು ನಿಭಾಯಿಸದ ಕಾರಣ ಪುಟವಿನ್ಯಾಸವು ಬಹುಕಾಲ ಹಳೆಯ ಕ್ರಮದಲ್ಲೇ ನಡೆಯಿತು.

ಅದರ ಋಣ ಜಾನಪದ ಅಧ್ಯಯನದ ಮೇಲೂ ಬಿದ್ದಿದೆ. ಆ ವರ್ಷಗಳಲ್ಲಿ ಬೆರಳಚ್ಚಾದ ಪಠ್ಯಗಳನ್ನು ಪರಿವರ್ತಿಸುವಾಗ, ಅಕ್ಷರದ ಬಳಿಕ ದಾಖಲಾದ ಅರ್ಕಾವತ್ತನ್ನು ಮುಂದಕ್ಕೆ ತರಬೇಕಾಗುತ್ತದೆ. ಶಿಷ್ಟ ಭಾಷೆಯ ದೋಷವನ್ನು ನಿಘಂಟು ತಿದ್ದಬಲ್ಲದು. ಪ್ರಾದೇಶಿಕ ಉಚ್ಚಾರಣೆಯ ಪದಕ್ಕೆ ಆ ಆಸರೆಯಿಲ್ಲ. ಪರಿವರ್ತಿತ ಪಠ್ಯದೊಡನೆ ಮೂಲ ಕಡತವನ್ನೂ ಅದರ ಅಕ್ಷರವಿನ್ಯಾಸವನ್ನೂ ಉಳಿಸಿಕೊಳ್ಳುವುದು ಗ್ರಂಥಾಲಯಗಳ ಕರ್ತವ್ಯ. ಮೂಲವನ್ನು ಅಳಿಸಿದರೆ ಹಾಡುಗಾರ್ತಿಯ ನುಡಿ ಯಾವುದು, ಯಂತ್ರದ ದೋಷ ಯಾವುದು ಎಂಬುದನ್ನು ಮುಂದಿನ ಸಂಶೋಧಕರು ಅರಿಯಲಾರರು.