ಟೈಪ್-1 ಶುಗರ್ ಇದ್ದವರು ವಾಕಿಂಗ್, ಜಾತ್ರೆಗೆ ಹೊರಡುವ ಮುನ್ನ ತಿಳಿದಿರಬೇಕಾದ್ದು

ಕಲಬುರಗಿ: ಶರಣಬಸವೇಶ್ವರ ದೇವಸ್ಥಾನದ ಹತ್ತಿರದ ಅಪ್ಪನ ಕೆರೆ ಸುತ್ತ ಬೆಳಿಗ್ಗೆ, ಸಂಜೆ ವಾಕಿಂಗ್ ಮಾಡುವವರು ಬಹಳ ಮಂದಿ. ಹೋಳಿ ನಂತರದ ಜಾತ್ರೆಗೆ ನಡೆದೇ ಬರುವ ಭಕ್ತರೂ ಇದ್ದಾರೆ. ನಡಿಗೆ ಶುಗರ್ ಇದ್ದವರಿಗೂ ಒಳ್ಳೇದೇ. ಆದರೆ ಟೈಪ್-1 ಇದ್ದವರು ತಯಾರಿ ಇಲ್ಲದೆ ಹೊರಟರೆ ದಾರಿಯಲ್ಲೇ ಕುಸಿದು ಬೀಳಬಹುದು.

ಯಾಕೆ ಹೀಗೆ?
ಟೈಪ್-1ರಲ್ಲಿ ದೇಹ ತಾನಾಗಿ ಇನ್ಸುಲಿನ್ ತಯಾರಿಸಲ್ಲ, ಇಂಜೆಕ್ಷನ್ನೇ ಆಧಾರ. ಬೇರೆಯವರಿಗೆ ನಡೆಯುವಾಗ ಇನ್ಸುಲಿನ್ ತಾನಾಗಿ ಕಡಿಮೆಯಾಗುತ್ತದೆ. ಚುಚ್ಚಿಕೊಂಡ ಇನ್ಸುಲಿನ್ ಹಾಗಲ್ಲ, ಕೆಲಸ ಮಾಡ್ತಾನೇ ಇರುತ್ತದೆ. ಜೊತೆಗೆ ಸ್ನಾಯುಗಳೂ ಸಕ್ಕರೆ ಎಳೆದುಕೊಳ್ಳುವುದರಿಂದ ಶುಗರ್ ಬೇಗ ಇಳಿಯುತ್ತದೆ.

ಹೊರಡುವ ಮುನ್ನ
• ಗ್ಲೂಕೋಮೀಟರ್‌ನಲ್ಲಿ ನೋಡಿ. 126ರಿಂದ 180 ಇದ್ದರೆ ಸಾಮಾನ್ಯವಾಗಿ ಹೊರಡಬಹುದು.
• 90ಕ್ಕಿಂತ ಕಡಿಮೆ ಇದ್ದರೆ ಮೊದಲು 10ರಿಂದ 20 ಗ್ರಾಂ ಗ್ಲೂಕೋಸ್ ತಗೊಳ್ಳಿ, ಶುಗರ್ ಏರಿದ ಮೇಲೆ ಹೊರಡಿ.
• 270 ದಾಟಿದ್ದರೆ ಕೀಟೋನ್ ಪರೀಕ್ಷೆ ಮಾಡಿ. ಕೀಟೋನ್ ಜಾಸ್ತಿ ಇದ್ದರೆ ನಡಿಗೆ ಬೇಡ, ಡಾಕ್ಟರ್‌ಗೆ ತಿಳಿಸಿ.
• ನಡಿಗೆಗೆ ಮುಂಚಿನ ಊಟದ ಇನ್ಸುಲಿನ್ ಎಷ್ಟು ಇಳಿಸಬೇಕು ಅಂತ ಡಾಕ್ಟರನ್ನೇ ಕೇಳಿ. ಪೂರ್ತಿ ಬಿಡಬೇಡಿ.
• ಬಿಸಿಲಲ್ಲಿ ನಿಂತ ಬೈಕ್ ಡಿಕ್ಕಿಯಲ್ಲಿ ಇನ್ಸುಲಿನ್ ಇಟ್ಟರೆ ಕೆಡುತ್ತದೆ.

ದಾರಿಯಲ್ಲಿ
ದೂರ ನಡೆಯುವವರು ಅರ್ಧ ಗಂಟೆಗೊಮ್ಮೆ ಶುಗರ್ ನೋಡಿಕೊಳ್ಳಬೇಕು. ಕೈ ನಡುಗುವುದು, ಬೆವರು, ಹಸಿವು, ತಲೆಸುತ್ತು ಬಂದರೆ ಅಲ್ಲೇ ಕೂಡಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ ಅಥವಾ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಕಮಲಾಪುರದ ಕೆಂಪು ಬಾಳೆಹಣ್ಣು ಆಮೇಲೆ ತಿನ್ನಲು ಸರಿ, ಆ ಕ್ಷಣಕ್ಕೆ ಸಕ್ಕರೆಯೇ ಬೇಕು. ದಾಸೋಹದ ಸಾಲಲ್ಲಿ ಎಷ್ಟು ಹೊತ್ತಾಗುತ್ತೋ ಹೇಳಲಾಗದು. ಹಾಗಾಗಿ ಊಟ ಕೈಗೆ ಬರುವ ಮುನ್ನವೇ ಊಟದ ಇನ್ಸುಲಿನ್ ಚುಚ್ಚಿಕೊಳ್ಳಬೇಡಿ.

ನಡೆದ ದಿನ ರಾತ್ರಿ ನಿದ್ದೆಯಲ್ಲೂ ಶುಗರ್ ಇಳಿಯಬಹುದು. ಮಲಗುವ ಮುನ್ನ ಒಮ್ಮೆ ನೋಡಿಕೊಳ್ಳಿ.

ಅಂಗಡಿಯವರಿಗೆ
ಬೆವರುತ್ತಾ, ತೊದಲುತ್ತಾ, ತೂರಾಡುತ್ತಾ ಬಂದವರನ್ನು ಕುಡಿದವರು ಅಂತ ಓಡಿಸಬೇಡಿ. 'ಶುಗರ್ ಐತೇನ್ರೀ?' ಅಂತ ಕೇಳಿ. ಎಚ್ಚರ ಇದ್ದು ನುಂಗಲು ಆಗುತ್ತಿದ್ದರೆ ಸಕ್ಕರೆ ನೀರು ಅಥವಾ ಮಾಮೂಲಿ ಕೂಲ್‌ಡ್ರಿಂಕ್ಸ್ ಕೊಡಿ. ಡಯಟ್ ಡ್ರಿಂಕ್ಸ್ ಉಪಯೋಗವಿಲ್ಲ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಇನ್ಸುಲಿನ್ ಕೂಡ ಚುಚ್ಚಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ಕೂಡಲೇ 108ಕ್ಕೆ ಕರೆ ಮಾಡಿ.